ಬಿಸ್ಕತ್ ಡಬ್ಬದೊಳಗೆ ಗಿಟಾರ್ ಪೆಡಲ್

ಮಗ್ರಿಬ್ ಕಳೆದು ಸ್ವಲ್ಪ ಹೊತ್ತಾಗಿತ್ತು. ಹಿಂದೆ ನನ್ನ ಮದ್ರಸದಲ್ಲಿ ಓದಿದ ಹುಡುಗನೊಬ್ಬ ಮನೆಗೆ ಬಂದ. ಈಗ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುತ್ತಿದ್ದಾನೆ. ಕೈಯಲ್ಲೊಂದು ಪ್ಲಾಸ್ಟಿಕ್ ಟಿಫಿನ್ ಡಬ್ಬ, ಒಳಗೆ ನಾಲ್ಕು ವಯರ್, 9 ವೋಲ್ಟಿನ ಬ್ಯಾಟರಿ.

“ಮೂರು ದಿನ ಆಯ್ತು ಉಸ್ತಾದ್, ಸರಿಯಾಗಿ ಸದ್ದೇ ಬರುವುದಿಲ್ಲ. ಈ ಲೈನ್ ನನಗೆ ಹೇಳಿದ್ದಲ್ಲ. ಕೋರ್ಸ್ ಬಿಡ್ತೇನೆ” ಅಂದ. ಗಲ್ಫಿನಲ್ಲಿರುವ ಬಾಪನಿಗೆ ಇನ್ನೂ ಹೇಳಿರಲಿಲ್ಲವಂತೆ. ಮೈಕ್ ಸೆಟ್ ಕೆಟ್ಟರೆ ಬಿಚ್ಚಿ ನೋಡುವ ಚಾಳಿ ನನಗೆ ಮೊದಲಿನಿಂದಲೂ ಉಂಟು. ಹಾಗಾಗಿ ನನ್ನಲ್ಲಿಗೆ ಬಂದಿದ್ದ.

ಅದು ಗಿಟಾರಿನ ಪೆಡಲ್. ಗಿಟಾರ್ ಅವನ ಗೆಳೆಯನದು. ಸಂಗೀತದ ಬಗ್ಗೆ ಉಲಮಾಗಳು ಹೇಳಿದ್ದು ಓದುಗರಿಗೆ ಗೊತ್ತಿದ್ದದ್ದೇ, ಅದನ್ನು ಇಲ್ಲಿ ಎತ್ತುವುದಿಲ್ಲ. ನನಗೆ ಕಂಡದ್ದು ಒಂದು ಸಣ್ಣ ಆಂಪ್ಲಿಫೈಯರ್ ಮಾತ್ರ.

ಎಲೆಕ್ಟ್ರಿಕ್ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಇಟ್ಟು, ಕಾಲಿನಿಂದ ಒತ್ತಿ ಸ್ವರ ಬದಲಿಸುವ ಪೆಟ್ಟಿಗೆಗೆ ಪೆಡಲ್ ಅನ್ನುತ್ತಾರೆ. ಮದುವೆ ಹಾಲ್‌ನಲ್ಲಿ ಮೈಕ್ ಜಾಸ್ತಿ ಇಟ್ಟರೆ ಸ್ವರ ಒಡೆದು ಕರ್ರ್ ಅನ್ನುವುದನ್ನು ಕೇಳಿದ್ದೀರಲ್ಲ? ಬ್ಯಾಟರಿಯಲ್ಲಿ ಇರುವುದು 9 ವೋಲ್ಟ್, ಅಲೆ ಅದಕ್ಕಿಂತ ಮೇಲೆ ಏಳಲಾರದು, ತಲೆ ಚಪ್ಪಟೆಯಾಗಿ ಕತ್ತರಿಸಿ ಹೋಗ್ತದೆ. ನಾವು ಕಿವಿ ಮುಚ್ಚುವ ಆ ದೋಷವೇ ಅವರಿಗೆ ಬೇಕಾದದ್ದು! ಶುರುವಾದದ್ದೂ ದೋಷದಿಂದಲೇ. ಅಮೆರಿಕದ ನ್ಯಾಶ್ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ಹಾಡೊಂದರ ರೆಕಾರ್ಡಿಂಗ್ ವೇಳೆ ಮಿಕ್ಸರಿನ ಟ್ರಾನ್ಸ್‌ಫಾರ್ಮರ್ ಕೆಟ್ಟು ಗಿಟಾರಿನ ಸ್ವರ ಒಡೆಯಿತು. 1961ರಲ್ಲಿ ಆ ಹಾಡು ಹಾಗೆಯೇ ಹೊರಬಂತು. ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಸ್ವರ ಬರುವಂತೆ ಟ್ರಾನ್ಸಿಸ್ಟರಿನಲ್ಲಿ ಸರ್ಕಿಟ್ ಮಾಡಿದರು. 1962ರಲ್ಲಿ ಗಿಬ್ಸನ್ ಕಂಪೆನಿ ಅದನ್ನು ಮಾರುಕಟ್ಟೆಗೆ ತಂದಿತು.

ಹುಡುಗ ಮಾಡಿದ್ದು ಅದಕ್ಕಿಂತಲೂ ಸರಳ. ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೊನಿಕ್ಸ್‌ನವರ ಎಲ್‌ಪಿಬಿ-1 ಎಂಬ ಹಳೆ ಬೂಸ್ಟರಿನ ನಕ್ಷೆ. ಒಂದು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್ (430, 43 ಮತ್ತು 10 ಕಿಲೋ ಓಮ್, ಮತ್ತೊಂದು 390 ಓಮ್), 0.1 ಮೈಕ್ರೋಫ್ಯಾರಡಿನ ಎರಡು ಕೆಪಾಸಿಟರ್, 100 ಕಿಲೋ ಓಮಿನ ಒಂದು ವಾಲ್ಯೂಮ್. ಗಿಟಾರಿನ ಸಿಗ್ನಲ್ ಸುಮಾರು 20 ಪಟ್ಟು ದೊಡ್ಡದಾಗ್ತದೆ.

ಬೆಸುಗೆ ಚೆನ್ನಾಗಿಯೇ ಇತ್ತು, ನನಗಿಂತ ಚೆನ್ನಾಗಿ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಕೆಂಪನ್ನು 10 ಕಿಲೋ ಓಮ್ ರೆಸಿಸ್ಟರ್ ಟ್ರಾನ್ಸಿಸ್ಟರಿಗೆ ಸೇರುವಲ್ಲಿ ಇಡಲು ಹೇಳಿದೆ. ಅಲ್ಲಿ 3ರಿಂದ 5 ವೋಲ್ಟ್ ಇರಬೇಕು. ಇದ್ದದ್ದು ಬ್ಯಾಟರಿಯ ಹತ್ತಿರ ಹತ್ತಿರ. ಅಂದರೆ ಟ್ರಾನ್ಸಿಸ್ಟರ್ ಕೆಲಸವನ್ನೇ ಮಾಡುತ್ತಿಲ್ಲ.

“ಇದರ ನಂಬರ್ ಓದು ಮೋನೆ” ಅಂದೆ. ನಕ್ಷೆಯಲ್ಲಿದ್ದದ್ದು 2ಎನ್5088. ಅಂಗಡಿಯಲ್ಲಿ ಅದಿಲ್ಲ ಅಂತ ಕೊಟ್ಟದ್ದು ಬಿಸಿ547. ಎರಡೂ ನೋಡಲು ಒಂದೇ, ಕೆಲಸವೂ ಆಗ್ತದೆ, ಆದರೆ ಕಾಲಿನ ಕ್ರಮ ತಿರುಗುಮುರುಗು. ಚಪ್ಪಟೆ ಮುಖ ನಮ್ಮ ಕಡೆ ಹಿಡಿದರೆ ಮೊದಲನೆಯದರಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಹುಡುಗ ಬಿಚ್ಚಿ ತಿರುಗಿಸಿ ಹಾಕಿದ. ಮೀಟರ್ ನಾಲ್ಕರ ಆಸುಪಾಸಿಗೆ ಇಳಿಯಿತು. ಮುಖ ನೋಡಬೇಕಿತ್ತು!

ಮಾರನೇ ದಿನ ಮತ್ತೆ ಬಂದ. ಸದ್ದು ಬರ್ತದೆ, ಜೊತೆಗೆ ಗುಂಯ್‌ಗುಟ್ಟುತ್ತದೆ ಅಂತ. ಪ್ಲಾಸ್ಟಿಕ್ ಡಬ್ಬ ಮನೆಯ ವಯರಿಂಗಿನ ಗುನುಗನ್ನು ತಡೆಯುವುದಿಲ್ಲ. ಉಮ್ಮನ ಕೈಯಿಂದ ಬಿಸ್ಕತ್ತಿನ ತಗಡಿನ ಡಬ್ಬ ತಂದು, ಬ್ಯಾಟರಿಯ ಮೈನಸ್ಸಿಗೆ ಆ ತಗಡನ್ನೂ ಜೋಡಿಸಿದ ಮೇಲೆ ಅದು ತಗ್ಗಿತು. ಕಾಲಲ್ಲಿ ಮೆಟ್ಟುವುದಾದರೆ ಎರಕದ ಅಲ್ಯೂಮಿನಿಯಂ ಪೆಟ್ಟಿಗೆಯೇ ಆಗಬೇಕು, ತಗಡು ನಜ್ಜುಗುಜ್ಜಾಗ್ತದೆ.

ಮಕ್ಕಳು ಮನೆಯಲ್ಲಿ ಇಂಥದ್ದು ಮಾಡುತ್ತಿದ್ದರೆ ಬ್ಯಾಟರಿಯಲ್ಲೇ ಮಾಡಲಿ. ಗೋಡೆಯ ಕರೆಂಟಿಗೆ ಕೈ ಹಾಕುವುದು ಬೇಡ. ಬೆಸುಗೆ ತಂತಿಯಲ್ಲಿ ಸೀಸ ಇರ್ತದೆ, ಊಟಕ್ಕೆ ಮೊದಲು ಸಾಬೂನು ಹಾಕಿ ಕೈ ತೊಳೆಸಿ. ಹೊಗೆ ಬರುವಾಗ ಕಿಟಕಿ ತೆರೆದಿರಲಿ.

ಕೋರ್ಸ್ ಬಿಡುವ ಮಾತು ಆಮೇಲೆ ಬರಲಿಲ್ಲ. ಈಗ ಎರಡು ಟ್ರಾನ್ಸಿಸ್ಟರಿನ ಫಝ್ ಫೇಸ್ ಮಾಡುವ ಆಲೋಚನೆಯಲ್ಲಿದ್ದಾನೆ. 1966ರಲ್ಲಿ ಲಂಡನ್ನಿನಲ್ಲಿ ಬಂದದ್ದು ಅದು. ಮೊದಲಿನವುಗಳಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಇತ್ತು, ಸೆಕೆ ಏರಿದರೆ ಅದರ ಸ್ವರ ಕೆಡ್ತದೆ. ನಮ್ಮ ಕರಾವಳಿಯ ಏಪ್ರಿಲಿನಲ್ಲಿ ಅದರ ಪಾಡು ಹೇಳಬೇಕಾ? ಹಾಗಾಗಿ ಆಮೇಲಿನ ಮಾದರಿಯಲ್ಲಿದ್ದ ಸಿಲಿಕಾನಿನ ಬಿಸಿ108 ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುತ್ತಾನಂತೆ. ಈ ಸಲ ಕಾಲುಗಳ ಕ್ರಮ ಮೊದಲೇ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡಿದ್ದಾನೆ.