ಇಂಜಿನ್ ಆಯಿಲ್ ಡ್ರೈನ್ ಪ್ಲಗ್‌ನ ಥ್ರೆಡ್ ಸವೆತ: ಕಾರಣ, ದುರಸ್ತಿ ಮತ್ತು ಮುನ್ನೆಚ್ಚರಿಕೆ ಕ್ರಮಗಳು

ಟ್ರ್ಯಾಕ್ಟರ್, ಪವರ್ ಟಿಲ್ಲರ್, ಡೀಸೆಲ್ ಪಂಪ್‌ಸೆಟ್ ಹಾಗೂ ಸರಕು ಸಾಗಣೆ ವಾಹನಗಳ ಇಂಜಿನ್ ಎಣ್ಣೆಯನ್ನು ನಿಗದಿತ ಅವಧಿಗೊಮ್ಮೆ ಬದಲಾಯಿಸುವುದು ಯಂತ್ರ ನಿರ್ವಹಣೆಯ ಮೊದಲ ಪಾಠ. ಇಂಜಿನ್‌ನ ತಳಭಾಗದ ಎಣ್ಣೆ ಸಂಪಿಗೆ ಅಳವಡಿಸಿರುವ ಡ್ರೈನ್ ಪ್ಲಗ್ ಬಿಚ್ಚಿ ಹಳೆಯ ಎಣ್ಣೆಯನ್ನು ಹೊರಹಾಕಲಾಗುತ್ತದೆ. ಪ್ರತಿ ಬಾರಿ ಬಿಚ್ಚಿ ಹಾಕುವ ಈ ಪುಟ್ಟ ಬೋಲ್ಟಿನ ಥ್ರೆಡ್, ಅಂದರೆ ತಿರುಪಿನ ಎಳೆ, ಸವೆದರೆ ಅಥವಾ ಕಿತ್ತುಬಂದರೆ ಎಣ್ಣೆ ಸೋರಲಾರಂಭಿಸುತ್ತದೆ. ಅದನ್ನು ಅಲಕ್ಷಿಸಿದಲ್ಲಿ ಇಡೀ ಇಂಜಿನ್ ಹಾಳಾಗುವ ಸಂಭವವಿರುತ್ತದೆ. ಈ ದೋಷವನ್ನು ಗುರುತಿಸುವ ಮತ್ತು ಸರಿಪಡಿಸುವ ಕ್ರಮವನ್ನು ರೈತ ಬಾಂಧವರ ಹಾಗೂ ವಿಸ್ತರಣಾ ಕಾರ್ಯಕರ್ತರ ಉಪಯೋಗಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಸೋರಿಕೆಯಿಂದಾಗುವ ಹಾನಿ

ಸಂಪಿನಲ್ಲಿರುವ ಎಣ್ಣೆಯನ್ನು ಪಂಪ್ ಹೀರಿಕೊಂಡು ಫಿಲ್ಟರ್ ಮೂಲಕ ಕ್ರ್ಯಾಂಕ್ ಶಾಫ್ಟ್‌ನ ಬೇರಿಂಗ್‌ಗಳಿಗೆ ಒತ್ತಡದಿಂದ ಕಳುಹಿಸುತ್ತದೆ. ಎಣ್ಣೆಯ ಮಟ್ಟ ಕುಸಿದಾಗ ಪಂಪ್ ಗಾಳಿಯನ್ನು ಹೀರತೊಡಗುತ್ತದೆ. ಬೇರಿಂಗ್‌ಗಳು ಬಿಸಿಯಾಗಿ ಕರಗುತ್ತವೆ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೂ ಗಂಟೆಗೆ 3600 ಹನಿಗಳಾಗುತ್ತವೆ. 30 ಹನಿಗೆ ಒಂದು ಮಿಲಿಲೀಟರ್ ಎಂದು ಅಂದಾಜಿಸಿದರೆ ಇದು ಗಂಟೆಗೆ 120 ಮಿಲಿಲೀಟರ್, ಎಂಟು ಗಂಟೆಗಳ ಉಳುಮೆಯಲ್ಲಿ ಸುಮಾರು ಒಂದು ಲೀಟರ್. ಕಡಿಮೆ ಎಣ್ಣೆ ಹಿಡಿಯುವ ಪವರ್ ಟಿಲ್ಲರ್ ಮತ್ತು ಪಂಪ್‌ಸೆಟ್‌ಗಳಲ್ಲಿ ಇಷ್ಟು ನಷ್ಟವೇ ಅಪಾಯಕ್ಕೆ ಸಾಕು.

ಥ್ರೆಡ್ ಹಾಳಾಗಲು ಕಾರಣಗಳು

1. ಅತಿಯಾದ ಬಿಗಿತ: ಸೋರದಿರಲೆಂದು ಸ್ಪ್ಯಾನರಿಗೆ ಪೈಪ್ ತೊಡಿಸಿ ಬಿಗಿಯುವ ಅಭ್ಯಾಸವೇ ಪ್ರಮುಖ ಕಾರಣ. 25 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ 10 ಕಿಲೋ ಭಾರದಷ್ಟು ಬಲ ಹಾಕಿದರೆ ಸುಮಾರು 25 ನ್ಯೂಟನ್ ಮೀಟರ್ ಬಿಗಿತ ದೊರೆಯುತ್ತದೆ. ಅದೇ ಬಲವನ್ನು ಒಂದು ಮೀಟರ್ ಪೈಪಿನ ತುದಿಯಲ್ಲಿ ಹಾಕಿದರೆ ಅದು ನಾಲ್ಕು ಪಟ್ಟಾಗಿ ಸುಮಾರು 98 ನ್ಯೂಟನ್ ಮೀಟರ್ ಆಗುತ್ತದೆ.
2. ಓರೆಯಾಗಿ ತಿರುಗಿಸುವುದು: ಮೊದಲ ಸುತ್ತುಗಳನ್ನು ಕೈಯಿಂದ ತಿರುಗಿಸದೆ ನೇರವಾಗಿ ಸ್ಪ್ಯಾನರ್ ಹಾಕಿದಾಗ ಎಳೆಗಳು ಒಂದರ ಮೇಲೊಂದು ಹತ್ತಿ ಕತ್ತರಿಸಿಹೋಗುತ್ತವೆ.
3. ಹಳೆಯ ವಾಷರಿನ ಮರುಬಳಕೆ: ಎಣ್ಣೆಯನ್ನು ತಡೆಯುವುದು ಥ್ರೆಡ್ ಅಲ್ಲ, ಪ್ಲಗ್‌ನ ತಲೆಯ ಕೆಳಗಿರುವ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್. ಚಪ್ಪಟೆಯಾದ ವಾಷರನ್ನೇ ಮತ್ತೆ ಹಾಕಿದರೆ ಸೋರಿಕೆ ನಿಲ್ಲದು. ಆಗ ಇನ್ನಷ್ಟು ಬಿಗಿಯುವ ಪ್ರವೃತ್ತಿ ಉಂಟಾಗುತ್ತದೆ.
4. ಹೊಂದಾಣಿಕೆಯಿಲ್ಲದ ಪ್ಲಗ್: ವ್ಯಾಸ ಒಂದೇ ಆಗಿದ್ದರೂ ಎಳೆಗಳ ಅಂತರ ಬೇರೆಯಾಗಿರಬಹುದು. ಹಳೆಯ ಯಂತ್ರಗಳಲ್ಲಿ ಇಂಚಿನ ಅಳತೆಯ ಥ್ರೆಡ್ ಇರುವುದೂ ಉಂಟು.

ಸಂಪ್ ಅಲ್ಯೂಮಿನಿಯಂ ಎರಕದ್ದಾಗಿದ್ದರೆ ಉಕ್ಕಿನ ಪ್ಲಗ್ ಅದರ ಮೃದುವಾದ ಎಳೆಗಳನ್ನು ಬೇಗನೆ ಕಿತ್ತುಹಾಕುತ್ತದೆ. ಎರಕದ ಕಬ್ಬಿಣದ ಸಂಪ್ ಹೆಚ್ಚು ತಾಳಿಕೊಂಡರೂ ಅತಿ ಬಿಗಿತಕ್ಕೆ ಬಿರುಕು ಬಿಡಬಲ್ಲದು. ತಗಡಿನ ಸಂಪಿನಲ್ಲಿ ಥ್ರೆಡ್ ಇರುವುದು ಒಳಗೆ ಬೆಸೆದ ನಟ್‌ನಲ್ಲಿ.

ದೋಷವನ್ನು ಗುರುತಿಸುವ ವಿಧಾನ

ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೀಲಿ ತೆಗೆದು, ಚಕ್ರಗಳಿಗೆ ಅಡ್ಡಗಲ್ಲು ಇಡಬೇಕು. ಎಣ್ಣೆ ಉಗುರು ಬೆಚ್ಚಗಿರುವಾಗ ಪ್ಲಗ್ ಬಿಚ್ಚುವುದು ಸೂಕ್ತ. ಕುದಿಬಿಸಿ ಎಣ್ಣೆ ಚರ್ಮವನ್ನು ಸುಡುತ್ತದೆ. ಪ್ಲಗ್ ಸುತ್ತುತ್ತಿದ್ದರೂ ಹೊರಬಾರದಿದ್ದರೆ ಅದರ ತಲೆಯ ಹಿಂದೆ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಮೃದುವಾಗಿ ಹೊರಕ್ಕೆ ಒತ್ತುತ್ತಾ ತಿರುಗಿಸಬೇಕು.

ನಂತರ ಪ್ಲಗ್ ಮತ್ತು ರಂಧ್ರ ಎರಡನ್ನೂ ಒರೆಸಿ ಬೆಳಕಿನಲ್ಲಿ ಪರೀಕ್ಷಿಸಬೇಕು. ಪ್ಲಗ್‌ನ ಎಳೆಗಳ ನಡುವೆ ಲೋಹದ ಸುರುಳಿ ಸಿಕ್ಕಿಕೊಂಡಿದ್ದರೆ ಅದು ಸಂಪಿನಿಂದ ಕಿತ್ತುಬಂದ ಥ್ರೆಡ್ ಎಂದು ತಿಳಿಯತಕ್ಕದ್ದು. ಪ್ಲಗ್‌ನ ಎಳೆಗಳು ಮಾತ್ರ ಸವೆದು ರಂಧ್ರದ ಎಳೆಗಳು ಚೆನ್ನಾಗಿದ್ದರೆ ಹೊಸ ಪ್ಲಗ್ ಮತ್ತು ಹೊಸ ವಾಷರ್ ಹಾಕಿದರೆ ಸಾಕು. ವ್ಯಾಸವನ್ನು ವರ್ನಿಯರ್‌ನಿಂದಲೂ ಎಳೆಗಳ ಅಂತರವನ್ನು ಥ್ರೆಡ್ ಗೇಜ್‌ನಿಂದಲೂ ಅಳೆದು ಬರೆದಿಟ್ಟುಕೊಳ್ಳಬೇಕು. ಉದಾಹರಣೆಗೆ, ಎಂ 14 × 1.5 ಎಂದರೆ 14 ಮಿ.ಮೀ. ವ್ಯಾಸ, 1.5 ಮಿ.ಮೀ. ಅಂತರ.

ದುರಸ್ತಿ ವಿಧಾನಗಳು

ಅ) ಎಳೆಗಳನ್ನು ಸ್ವಚ್ಛಗೊಳಿಸುವುದು: ಮೊದಲ ಒಂದೆರಡು ಎಳೆಗಳು ಮಾತ್ರ ಜಜ್ಜಿಹೋಗಿದ್ದರೆ ಅದೇ ಅಳತೆಯ ಟ್ಯಾಪ್ ಅನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಎಳೆಗಳನ್ನು ನೇರಗೊಳಿಸಬಹುದು.

ಆ) ಮುಂದಿನ ಅಳತೆಗೆ ಹೊಸ ಥ್ರೆಡ್ ಕೊರೆಯುವುದು: ಎಂ 14 × 1.5 ರಂಧ್ರವನ್ನು 14.5 ಮಿ.ಮೀ.ಗೆ ಹಿಗ್ಗಿಸಿ, ಎಂ 16 × 1.5 ಟ್ಯಾಪ್ ಹಾಕಿ, ಅದೇ ಅಳತೆಯ ಪ್ಲಗ್ ಜೋಡಿಸಲಾಗುತ್ತದೆ. ರಂಧ್ರದ ಸುತ್ತ ಸಾಕಷ್ಟು ದಪ್ಪ ಲೋಹವಿದ್ದು, ದೊಡ್ಡ ವಾಷರ್ ಕೂರಲು ಸಮತಟ್ಟಾದ ಜಾಗವಿದ್ದರೆ ಮಾತ್ರ ಈ ವಿಧಾನ ಯೋಗ್ಯ. ಎರಕದ ಕಬ್ಬಿಣದ ಸಂಪಿಗೆ ಇದು ಕಡಿಮೆ ಖರ್ಚಿನ ಶಾಶ್ವತ ಪರಿಹಾರ.

ಇ) ಥ್ರೆಡ್ ಇನ್ಸರ್ಟ್ ಅಳವಡಿಸುವುದು: ರಂಧ್ರವನ್ನು ಹಿಗ್ಗಿಸಿ, ಒಳಗೆ ಉಕ್ಕಿನ ತಂತಿ ಸುರುಳಿ ಅಥವಾ ಗಟ್ಟಿ ಕೊಳವೆಯ ಇನ್ಸರ್ಟ್ ಕೂರಿಸಿದರೆ ಮೂಲ ಅಳತೆಯ ಪ್ಲಗ್ ಅನ್ನೇ ಬಳಸಬಹುದು. ಡ್ರಿಲ್ ಮತ್ತು ಟ್ಯಾಪ್ ಆ ಇನ್ಸರ್ಟ್ ಜೊತೆಯಲ್ಲಿ ಸೂಚಿಸಿದ ಅಳತೆಯದ್ದೇ ಆಗಿರಬೇಕು. ಪದೇ ಪದೇ ಬಿಚ್ಚುವ ಡ್ರೈನ್ ಪ್ಲಗ್‌ಗೆ ತಂತಿ ಸುರುಳಿಗಿಂತ ಗಟ್ಟಿ ಕೊಳವೆ ಹೆಚ್ಚು ಬಾಳಿಕೆ ಬರುತ್ತದೆ. ಇನ್ಸರ್ಟ್‌ನ ಹೊರ ಅಂಚು ವಾಷರ್ ಕೂರುವ ಮೇಲ್ಮೈಗಿಂತ ಮೇಲೆ ಚಾಚಿಕೊಂಡಿರಬಾರದು. ತಂತಿ ಸುರುಳಿ ಬಳಸಿದಲ್ಲಿ ಅದರ ತುದಿಯ ಮುರಿಯುವ ತುಂಡನ್ನು ತಪ್ಪದೆ ಹೊರತೆಗೆಯಬೇಕು. ಅಲ್ಯೂಮಿನಿಯಂ ಸಂಪಿಗೆ ಇನ್ಸರ್ಟ್ ವಿಧಾನವೇ ಉತ್ತಮ.

ಈ) ತಗಡಿನ ಸಂಪಿನ ದುರಸ್ತಿ: ಸಂಪನ್ನು ಕಳಚಿ, ಎಣ್ಣೆಯ ಅಂಶ ಉಳಿಯದಂತೆ ತೊಳೆದು, ಹೊಸ ನಟ್ ಬೆಸುಗೆ ಹಾಕಿಸಬೇಕು. ಇಂಜಿನ್‌ನಲ್ಲಿರುವಂತೆಯೇ ಬೆಸುಗೆ ಮಾಡಿದರೆ ಒಳಗಿನ ಎಣ್ಣೆಯ ಆವಿಗೆ ಬೆಂಕಿ ತಗುಲುವ ಅಪಾಯವಿದೆ.

ಉ) ತಾತ್ಕಾಲಿಕ ಪರಿಹಾರ: ತಾನೇ ಎಳೆ ಕೊರೆದುಕೊಂಡು ಕೂರುವ ದಪ್ಪನೆಯ ಪ್ಲಗ್‌ಗಳು ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುತ್ತವೆ. ಬಿತ್ತನೆ ಅಥವಾ ಕಟಾವಿನ ತುರ್ತಿನಲ್ಲಿ ಇದನ್ನು ಬಳಸಬಹುದಾದರೂ ಓರೆಯಾಗಿ ಕೂರುವ ಸಾಧ್ಯತೆ ಹೆಚ್ಚು. ಕೆಲಸದ ಒತ್ತಡ ಕಳೆದ ಕೂಡಲೇ ಶಾಶ್ವತ ದುರಸ್ತಿ ಮಾಡಿಸತಕ್ಕದ್ದು.

ಟ್ಯಾಪ್ ಹಾಕುವಾಗ ಪಾಲಿಸಬೇಕಾದ ಕ್ರಮ

• ಎಣ್ಣೆಯನ್ನು ಪೂರ್ತಿಯಾಗಿ ಬಸಿದ ನಂತರವೇ ಕೆಲಸ ಆರಂಭಿಸಬೇಕು.
• ಡ್ರಿಲ್ ಮತ್ತು ಟ್ಯಾಪ್ ರಂಧ್ರಕ್ಕೆ ನೇರವಾಗಿರಬೇಕು. ಓರೆಯಾದ ಥ್ರೆಡ್‌ನಲ್ಲಿ ವಾಷರ್ ಒಂದು ಬದಿಗೆ ಮಾತ್ರ ಒತ್ತಿ ಸೋರಿಕೆ ಮುಂದುವರಿಯುತ್ತದೆ.
• ಟ್ಯಾಪ್‌ನ ಕಾಲುವೆಗಳಿಗೆ ಗ್ರೀಸ್ ತುಂಬಿದರೆ ಲೋಹದ ಚೂರುಗಳು ಅದಕ್ಕೆ ಅಂಟಿಕೊಳ್ಳುತ್ತವೆ.
• ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಆಗಾಗ ಟ್ಯಾಪ್ ಹೊರತೆಗೆದು ಒರೆಸಿ ಹೊಸ ಗ್ರೀಸ್ ಹಚ್ಚಬೇಕು.
• ಕೊನೆಯಲ್ಲಿ ಪ್ಲಗ್ ಹಾಕದೆ, ಮೇಲಿನಿಂದ ಸುಮಾರು ಅರ್ಧ ಲೀಟರ್ ಶುದ್ಧ ಎಣ್ಣೆ ಸುರಿದು ಚೂರುಗಳು ಕೊಚ್ಚಿಹೋಗುವಂತೆ ಮಾಡಬೇಕು. ಎಣ್ಣೆ ಪಂಪ್ ಫಿಲ್ಟರಿಗಿಂತ ಮೊದಲೇ ಇರುವುದರಿಂದ ಸಂಪಿನಲ್ಲಿ ಉಳಿದ ಸಣ್ಣ ಚೂರುಗಳು ಜಾಲರಿಯನ್ನು ದಾಟಿ ಮೊದಲು ಪಂಪನ್ನೇ ಕೆಡಿಸುತ್ತವೆ. ರಂಧ್ರದಿಂದ ಒಳಕ್ಕೆ ಗಾಳಿ ಊದಬಾರದು.

ಸಂಪನ್ನು ಕಳಚಿ ಕೆಲಸ ಮಾಡಿದರೆ ಚೂರುಗಳ ಭಯವಿರುವುದಿಲ್ಲ. ಆದರೆ ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಎರಕದ ಸಂಪ್ ಮುಂಭಾಗದ ಭಾರವನ್ನು ಹೊರುವ ಅಂಗವೂ ಆಗಿರುತ್ತದೆ. ಅಂತಹ ಸಂಪನ್ನು ಸೂಕ್ತ ಆಧಾರವಿಲ್ಲದೆ ಕಳಚಿದರೆ ಟ್ರ್ಯಾಕ್ಟರ್ ಕುಸಿದು ಪ್ರಾಣಾಪಾಯ ಸಂಭವಿಸಬಹುದು. ಇದನ್ನು ತರಬೇತಿ ಪಡೆದ ಮೆಕ್ಯಾನಿಕ್‌ಗಳಿಂದಲೇ ಮಾಡಿಸಬೇಕು.

ಮಾಡಬಾರದ ಕೆಲಸಗಳು

ಕಿತ್ತುಹೋದ ಥ್ರೆಡ್‌ಗೆ ಟೆಫ್ಲಾನ್ ಟೇಪ್, ದಾರ ಅಥವಾ ತಂತಿ ಸುತ್ತಿ ಪ್ಲಗ್ ಬಿಗಿಯುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಇವುಗಳ ತುಣುಕುಗಳು ಒಳಸೇರಿ ಎಣ್ಣೆ ಹೀರುವ ಜಾಲರಿಯನ್ನು ಮುಚ್ಚಬಹುದು. ಹೊರಗಿನಿಂದ ಎಪಾಕ್ಸಿ ಪುಟ್ಟಿ ಮೆತ್ತಿದರೆ ಇಂಜಿನ್‌ನ ಬಿಸಿ ಮತ್ತು ಕಂಪನಕ್ಕೆ ಅದು ಬಿಟ್ಟುಕೊಳ್ಳುತ್ತದೆ. ಗೇರ್‌ಬಾಕ್ಸ್‌ನ ಪ್ಲಗ್‌ಗಳು ಕೆಲವೆಡೆ ವಾಷರ್ ಇಲ್ಲದ, ತುದಿಗೆ ಕಿರಿದಾಗುವ ಬಗೆಯವಾಗಿರುತ್ತವೆ. ಮೇಲಿನ ವಿಧಾನಗಳನ್ನು ಅವುಗಳಿಗೆ ಹಾಗೆಯೇ ಅನ್ವಯಿಸಬಾರದು.

ದುರಸ್ತಿಯ ನಂತರದ ಪರೀಕ್ಷೆ

ಹೊಸ ವಾಷರ್‌ನೊಂದಿಗೆ ಪ್ಲಗ್ ಅನ್ನು ಕನಿಷ್ಠ ಮೂರು ಸುತ್ತು ಕೈಯಿಂದಲೇ ತಿರುಗಿಸಿ, ಬಳಿಕ ಯಂತ್ರದ ಕೈಪಿಡಿಯಲ್ಲಿ ನಮೂದಿಸಿದಷ್ಟೇ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಎಂ 14 ಅಳತೆಯ ಪ್ಲಗ್‌ಗೆ ಕಾರುಗಳಲ್ಲಿ ಸಾಮಾನ್ಯವಾಗಿ 30ರಿಂದ 45 ನ್ಯೂಟನ್ ಮೀಟರ್ ಸಾಕಾಗುತ್ತದೆ. ಎಣ್ಣೆ ತುಂಬಿ 15 ನಿಮಿಷ ಕಾದು ಪ್ಲಗ್ ಸುತ್ತ ಒಣ ಕಾಗದ ಒತ್ತಿ ನೋಡಬೇಕು. ನಂತರ ಇಂಜಿನ್ ಅನ್ನು ಐದು ನಿಮಿಷ ನಿಧಾನಗತಿಯಲ್ಲಿ ಓಡಿಸಿ, ಎಣ್ಣೆ ಒತ್ತಡದ ದೀಪ ಆರಿರುವುದನ್ನು ಖಚಿತಪಡಿಸಿಕೊಂಡು, ನಿಲ್ಲಿಸಿ ಅಳತೆ ಕಡ್ಡಿಯಿಂದ ಮಟ್ಟ ಪರೀಕ್ಷಿಸಬೇಕು. ಮೊದಲ ಹತ್ತು ಗಂಟೆಗಳ ಕೆಲಸದ ಬಳಿಕ ಮತ್ತೊಮ್ಮೆ ನೋಡತಕ್ಕದ್ದು. ಹೊಸ ಪ್ಲಗ್‌ನ ಅಳತೆಯನ್ನು ಯಂತ್ರದ ದಾಖಲೆ ಪುಸ್ತಕದಲ್ಲಿ ಬರೆದಿಡುವುದರಿಂದ ಮುಂದೆ ತಪ್ಪು ಪ್ಲಗ್ ಹಾಕುವುದು ತಪ್ಪುತ್ತದೆ. ಹಲವು ಚಾಲಕರ ಕೈಗೆ ಹೋಗುವ ಬಾಡಿಗೆ ಸೇವಾ ಕೇಂದ್ರಗಳ ಯಂತ್ರಗಳಿಗೆ ಇದು ಅತ್ಯಗತ್ಯ.

ಹಳೆಯ ಎಣ್ಣೆಯ ವಿಲೇವಾರಿ

ಬಸಿದ ಎಣ್ಣೆಯನ್ನು ಹೊಲಕ್ಕೆ, ಬದುವಿಗೆ ಅಥವಾ ಬಾವಿಯ ಸಮೀಪ ಸುರಿಯಬಾರದು. ಬಳಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ, ಮರುಸಂಸ್ಕರಣೆಗೆ ಕಳುಹಿಸುವ ಸರ್ವೀಸ್ ಕೇಂದ್ರಗಳಿಗೆ ಒಪ್ಪಿಸಬೇಕು.

ಪ್ರತಿ ಬಾರಿ ಎಣ್ಣೆ ಬದಲಿಸುವಾಗ ಹೊಸ ವಾಷರ್, ಕೈಯಿಂದ ಆರಂಭ, ನಿಗದಿತ ಬಿಗಿತ ಎಂಬ ಮೂರು ನಿಯಮಗಳನ್ನು ಪಾಲಿಸಿದಲ್ಲಿ ಈ ದುರಸ್ತಿಯ ಅಗತ್ಯವೇ ಬಹುಮಟ್ಟಿಗೆ ಬೀಳುವುದಿಲ್ಲ. ಹೆಚ್ಚಿನ ಮಾಹಿತಿಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.