ಸಣ್ಣ ಕಾಲೇಜು, ದೊಡ್ಡ ತಂಡ

ಅಮೆರಿಕದ ಕಾಲೇಜು ಕ್ರೀಡೆ ಎಂದೊಡನೆ ನೆನಪಾಗುವುದು ಲಕ್ಷ ಜನ ಕೂರುವ ಮೈದಾನ, ಟಿವಿ ಹಕ್ಕಿನಿಂದ ಬರುವ ಕೋಟ್ಯಂತರ ಡಾಲರ್, ರಾಜ್ಯದ ಗವರ್ನರ್‌ಗಿಂತ ಹೆಚ್ಚು ಸಂಬಳದ ಕೋಚ್. ಈ ವೈಭವದ ನೆರಳಿನಲ್ಲಿ ಇನ್ನೊಂದು ಲೋಕವಿದೆ. ಅದು ಕಮ್ಯುನಿಟಿ ಕಾಲೇಜುಗಳದು. 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಆರಂಭವಾದ ಸಂಸ್ಥೆಯಿಂದ ಬೆಳೆದು ಬಂದ ಈ ಸರ್ಕಾರಿ ಕಾಲೇಜುಗಳಲ್ಲಿ ಎರಡು ವರ್ಷದ ಓದು. ಅರ್ಜಿ ಹಾಕಿದವರಿಗೆಲ್ಲ ಬಾಗಿಲು ತೆರೆದಿರುತ್ತದೆ. ಸ್ಥಳೀಯರಿಗೆ ಬೋಧನಾ ಶುಲ್ಕ ಸರಾಸರಿ ವರ್ಷಕ್ಕೆ 4,000 ಡಾಲರ್ ಆಸುಪಾಸು. ಹಗಲು ದುಡಿದು ಸಂಜೆ ಓದುವವರು, ಮಕ್ಕಳಿರುವ ತಾಯಂದಿರು, ಅಪ್ಪ ಅಮ್ಮ ಕಾಲೇಜು ಮೆಟ್ಟಿಲನ್ನೇ ಹತ್ತದ ಮನೆಗಳ ಮಕ್ಕಳು ಇಲ್ಲಿಗೆ ಬರುತ್ತಾರೆ. ಇಂಥ ಕಾಲೇಜುಗಳಿಗೂ ತಂಡಗಳಿವೆ. 1938ರಲ್ಲಿ ಹುಟ್ಟಿದ ರಾಷ್ಟ್ರೀಯ ಜೂನಿಯರ್ ಕಾಲೇಜು ಕ್ರೀಡಾ ಸಂಘದಲ್ಲಿ ಸುಮಾರು 500 ಕಾಲೇಜುಗಳಿವೆ. ಟಿಕೆಟ್ ಮಾರಾಟದಿಂದ ಇವಕ್ಕೆ ಹುಟ್ಟುವುದು ಚಿಲ್ಲರೆ ಕಾಸು. ಹಾಗಿದ್ದರೂ ಒಂದು ಸಣ್ಣ ಕಾಲೇಜು ತಂಡ ಯಾಕೆ ಕಟ್ಟಬೇಕು, ಅದರ ಖರ್ಚು ಯಾರು ಹೊರಬೇಕು?

ಉತ್ತರ ಹುಡುಕಲು ಕಾಲೇಜಿನ ಲೆಕ್ಕಪತ್ರ ತೆರೆದರೆ ಪ್ರಯೋಜನ ಕಡಿಮೆ. 1994ರ ಕಾನೂನಿನ ಪ್ರಕಾರ ಕ್ರೀಡೆಯ ಆದಾಯ-ವೆಚ್ಚವನ್ನು ಕಾಲೇಜುಗಳು ಪ್ರತಿವರ್ಷ ಕೇಂದ್ರ ಸರ್ಕಾರಕ್ಕೆ ಒಪ್ಪಿಸಬೇಕು. ಆದರೆ ಕಾಲೇಜು ತನ್ನ ಬೊಕ್ಕಸದಿಂದ ತುಂಬಿಕೊಟ್ಟ ಹಣವೂ ಅಲ್ಲಿ 'ಆದಾಯ'ದ ಕಡೆಗೇ ಸೇರುತ್ತದೆ. ಹೀಗಾಗಿ ಕಾಗದದ ಮೇಲೆ ಜಮಾ ಖರ್ಚು ಸರಿಹೊಂದಿ, ನಷ್ಟವೇ ಕಾಣುವುದಿಲ್ಲ. ನಿಜವಾದ ಲೆಕ್ಕವನ್ನು ಬೇರೆ ಕಡೆಯಿಂದ ಹಿಡಿಯಬೇಕು. ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅರೆಕಾಲಿಕರು. ತಂಡದಲ್ಲಿ ಆಡಬೇಕಾದವರು ಮಾತ್ರ ಪೂರ್ಣಾವಧಿಗೆ ದಾಖಲಾಗಲೇಬೇಕು. ಒಂದು ಸಾಫ್ಟ್‌ಬಾಲ್ ತಂಡವನ್ನು ಊಹಿಸಿಕೊಳ್ಳಿ. ಇಪ್ಪತ್ತು ಹುಡುಗಿಯರು, ತಲಾ 4,000 ಡಾಲರ್ ಶುಲ್ಕ, ಒಟ್ಟು 80,000. ಅರೆಕಾಲಿಕ ಕೋಚ್, ಬಸ್ ಬಾಡಿಗೆ, ಅಂಪೈರ್ ಸಂಭಾವನೆ, ಸಮವಸ್ತ್ರ, ವಿಮೆ ಎಲ್ಲ ಸೇರಿ ಅದರೊಳಗೇ ಮುಗಿದರೆ ತಂಡ ತನ್ನ ಕಾಲ ಮೇಲೆ ನಿಂತಂತೆ. ತರಗತಿಯಲ್ಲಿ ಬೆಂಚು ಖಾಲಿ ಇದ್ದಾಗ ಇಪ್ಪತ್ತು ಮಂದಿ ಹೆಚ್ಚಾಗಿ ಕೂತರೆ ಪಾಠದ ಖರ್ಚೇನೂ ಏರುವುದಿಲ್ಲ. ಆದರೆ ಆ ಇಪ್ಪತ್ತರಲ್ಲಿ ಎಂಟು ಜನ ತಂಡ ಇಲ್ಲದಿದ್ದರೂ ಅದೇ ಕಾಲೇಜಿಗೆ ಬರುತ್ತಿದ್ದವರಾದರೆ ತಂಡ ತಂದುಕೊಟ್ಟದ್ದು 80,000 ಅಲ್ಲ, 48,000. ಉಳಿದವರಿಗೂ ವಿದ್ಯಾರ್ಥಿವೇತನವೆಂದು ಶುಲ್ಕ ಮನ್ನಾ ಮಾಡಿದ್ದರೆ ಅದೂ ಬರೀ ಬರಹದ ಹಣ. ಕ್ರೀಡೆಯಿಂದ ದಾಖಲಾತಿ ಹೆಚ್ಚುತ್ತದೆ ಎಂದು ಆಡಳಿತ ಮಂಡಳಿಯ ಮುಂದೆ ವಾದಿಸುವವರು ಈ ಎರಡು ಕಳೆಯುವ ಲೆಕ್ಕಗಳನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಆದ್ದರಿಂದ ಯಾವ ಆಟ, ಯಾರನ್ನು ಕರೆತಂದು ಆಡಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸಂಘದ ಮೊದಲ ದರ್ಜೆಯಲ್ಲಿ ಆಡುವ ಕಾಲೇಜು ಶುಲ್ಕದ ಜೊತೆಗೆ ಊಟ, ವಸತಿಯನ್ನೂ ಕೊಡಬಹುದು. ಮೂರನೆಯ ದರ್ಜೆಯಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ. ಉದಾಹರಣೆಗೆ ಕ್ಯಾನ್ಸಸ್ ರಾಜ್ಯವನ್ನು ನೋಡಿ: ಅಲ್ಲಿನ ಕಮ್ಯುನಿಟಿ ಕಾಲೇಜುಗಳನ್ನು ಸಾಕುವುದರಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥದು) ಆಸ್ತಿ ತೆರಿಗೆಯ ಪಾಲು ದೊಡ್ಡದು. ಅಂದರೆ ಸುತ್ತಲಿನ ಗೋಧಿ ಹೊಲದ ರೈತರೂ ಹಣ ಹಾಕುತ್ತಾರೆ. 2016ರಲ್ಲಿ ಅಲ್ಲಿನ ಕಾಲೇಜುಗಳು ಫುಟ್‌ಬಾಲ್ ತಂಡದಲ್ಲಿ ಹೊರರಾಜ್ಯದ ಆಟಗಾರರಿಗಿದ್ದ ಮಿತಿಯನ್ನು ತೆಗೆದುಹಾಕಿದವು. ಹೆಲ್ಮೆಟ್ ತೊಟ್ಟು ಗುದ್ದಾಡುವ ಅಮೆರಿಕನ್ ಫುಟ್‌ಬಾಲ್ ಇದು. ನೆಟ್‌ಫ್ಲಿಕ್ಸ್‌ನ 'ಲಾಸ್ಟ್ ಚಾನ್ಸ್ ಯು' ಸರಣಿಯಲ್ಲಿ ಇಂಡಿಪೆಂಡೆನ್ಸ್ ಎಂಬ ಪುಟ್ಟ ಊರಿನ ಕಾಲೇಜು ಜಗತ್ತಿಗೆ ಪರಿಚಯವಾದದ್ದು ಇದರ ಬೆನ್ನಲ್ಲೇ. ಊರಿನ ಹೆಸರು ಹಬ್ಬಿತು, ಸರಿ. ತೆರಿಗೆ ಕಟ್ಟುವವನ ಮಗನಿಗೆ ತಂಡದಲ್ಲಿ ಜಾಗ ಸಿಕ್ಕಿತೇ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ.

ಖರ್ಚಿನ ಪ್ರಶ್ನೆಯನ್ನು ಕೊನೆತನಕ ಎಳೆದು ನೋಡಿದ್ದು ಅರಿಜೋನ ರಾಜ್ಯ. ಫೀನಿಕ್ಸ್ ನಗರದ ಸುತ್ತಲಿನ ಮಾರಿಕೋಪ ಕಾಲೇಜುಗಳಿಗೂ ಟೂಸಾನ್‌ನ ಪೀಮಾ ಕಾಲೇಜಿಗೂ ರಾಜ್ಯ ಸರ್ಕಾರ 2015ರಲ್ಲಿ ಅನುದಾನವನ್ನು ಪೂರ್ತಿ ನಿಲ್ಲಿಸಿತು. 2018ರ ಫೆಬ್ರವರಿಯಲ್ಲಿ ಮಾರಿಕೋಪ ಆಡಳಿತ ತನ್ನ ನಾಲ್ಕು ಕಾಲೇಜುಗಳ ಫುಟ್‌ಬಾಲ್ ಆ ಋತುವಿಗೇ ಕೊನೆ ಎಂದು ಘೋಷಿಸಿತು. ಅದು ಕೊಟ್ಟ ಅಂಕಿಗಳನ್ನು ನೋಡಿ: ಫುಟ್‌ಬಾಲ್‌ಗೆ ವರ್ಷಕ್ಕೆ 7,70,000 ಡಾಲರಿಗೂ ಹೆಚ್ಚು ಖರ್ಚು. ಕ್ರೀಡಾ ಬಜೆಟ್‌ನಲ್ಲಿ ಅದರ ಪಾಲು ಶೇ. 20 ಮಾತ್ರ, ಆದರೆ ವಿಮೆಯ ವೆಚ್ಚದಲ್ಲಿ ಶೇ. 90. ಮೈದಾನ, ಕಟ್ಟಡಗಳ ದುರಸ್ತಿಗೆ ಮುಂದೆ 2 ಕೋಟಿ ಡಾಲರ್ ಮೀರಬಹುದೆಂಬ ಅಂದಾಜು ಬೇರೆ. ಮೂಳೆ ಮುರಿಯುವ, ತಲೆಗೆ ಪೆಟ್ಟು ಬೀಳುವ ಆಟದ ಬೆಲೆ ಎಲ್ಲಿ ಅಡಗಿರುತ್ತದೆ ಎಂಬುದನ್ನು ಆ ಶೇ. 90 ಹೇಳುತ್ತದೆ. ಅದೇ ವರ್ಷ ಪೀಮಾ ಕೂಡ ಫುಟ್‌ಬಾಲ್ ಕೈಬಿಟ್ಟಿತು. ಇನ್ನೊಂದು ಖರ್ಚು ಯಾವ ಕಾಲಂನಲ್ಲೂ ಕಾಣದು. 1972ರ 'ಟೈಟಲ್ ನೈನ್' ಕಾನೂನಿನಂತೆ ಹೆಣ್ಣುಮಕ್ಕಳಿಗೂ ಆಡಲು ಸಮಾನ ಅವಕಾಶ ಇರಬೇಕು. ಈ ಕಾಲೇಜುಗಳಲ್ಲಿ ಅವರೇ ಬಹುಸಂಖ್ಯಾತರು. ಹತ್ತಾರು ಗಂಡುಮಕ್ಕಳ ಒಂದು ಫುಟ್‌ಬಾಲ್ ಪಡೆ ಕಟ್ಟಿದರೆ ತಕ್ಕಡಿ ಒಂದೇ ಕಡೆ ವಾಲುತ್ತದೆ. ಅದನ್ನು ಸರಿತೂಗಿಸಲು ಮತ್ತೆ ಹಣ ಬೇಕು.

ಫುಟ್‌ಬಾಲ್ ನಿಲ್ಲಿಸುವುದಕ್ಕೆ ಬಲವಾದ ಆಕ್ಷೇಪ ಬರುವುದು ಬಡ ಹುಡುಗರ ಹೆಸರಿನಲ್ಲಿ. ದೊಡ್ಡ ವಿಶ್ವವಿದ್ಯಾಲಯಗಳು ತಿರುಗಿಯೂ ನೋಡದ ಆಟಗಾರನಿಗೆ ಇದೇ ಎರಡನೆಯ ಬಾಗಿಲು, ಅದನ್ನು ಮುಚ್ಚಬೇಡಿ ಎನ್ನುತ್ತಾರೆ. ಕ್ಯಾಮ್ ನ್ಯೂಟನ್ ಟೆಕ್ಸಸ್‌ನ ಬ್ಲಿನ್ ಕಾಲೇಜಿನಲ್ಲಿ 2009ರಲ್ಲಿ ಆಡಿ, ಮರುವರ್ಷ ಆಬರ್ನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಕಾಲೇಜು ಫುಟ್‌ಬಾಲ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದದ್ದು ನಿಜ. ಆದರೆ ಆರನ್ ರಾಜರ್ಸ್‌ನ ಕತೆಯನ್ನೂ ಕೇಳಬೇಕು. ಕ್ಯಾಲಿಫೋರ್ನಿಯದ ಚೀಕೊ ಊರಿನ ಈ ಹುಡುಗ 2002ರಲ್ಲಿ ಮನೆಗೆ ಹತ್ತಿರದ ಬ್ಯೂಟ್ ಕಾಲೇಜಿನಲ್ಲಿ ಆಡಿದ. ಮರುವರ್ಷವೇ ಬರ್ಕ್ಲಿ ವಿಶ್ವವಿದ್ಯಾಲಯ ಅವನನ್ನು ಕರೆದುಕೊಂಡಿತು. ಮುಂದೆ ವೃತ್ತಿಪರ ಫುಟ್‌ಬಾಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ. ಕ್ಯಾಲಿಫೋರ್ನಿಯದ ಕಮ್ಯುನಿಟಿ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನ ಕೊಡುವುದೇ ಇಲ್ಲ. ಅಂದರೆ ಬಾಗಿಲು ತೆರೆದಿಡಲು ದೂರದಿಂದ ಆಟಗಾರರನ್ನು ಹಣ ಕೊಟ್ಟು ತರಬೇಕಾಗಿಲ್ಲ. ಆ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಕಾಲೇಜುಗಳಿದ್ದು, ಎದುರಾಳಿ ಊರು ಹತ್ತಿರವೇ ಸಿಗುತ್ತದೆ ಎಂಬುದು ನಿಜವೇ. ಕ್ಯಾನ್ಸಸ್‌ಗೆ ಆ ಅನುಕೂಲವಿಲ್ಲ. ಹಾಗಾದರೆ ಕ್ಯಾನ್ಸಸ್‌ನ ಊರು ಫುಟ್‌ಬಾಲ್ ಬೇಡವೆನ್ನಬೇಕೆ? ವಾರಾಂತ್ಯದಲ್ಲಿ ಇಡೀ ಊರನ್ನು ಒಂದೆಡೆ ಸೇರಿಸುವ ಆಟ ತನಗೆ ಬೇಕು ಎಂದು ಊರೇ ತಿಳಿದು ತೆರಿಗೆ ಕಟ್ಟಿದರೆ ಅದು ಅವರ ಇಷ್ಟ. ಉದ್ಯಾನ, ಗ್ರಂಥಾಲಯಗಳೂ ಲಾಭ ತರುವುದಿಲ್ಲ. ನನ್ನ ತಕರಾರು ಖರ್ಚಿನ ಬಗ್ಗೆ ಅಲ್ಲ, ಆ ಖರ್ಚನ್ನು 'ದಾಖಲಾತಿಗಾಗಿ ಹೂಡಿಕೆ' ಎಂದು ಕರೆಯುವುದರ ಬಗ್ಗೆ.

2010ರ ಬಳಿಕ ಒಂದು ದಶಕಕ್ಕೂ ಹೆಚ್ಚು ಕಾಲ ಈ ಕಾಲೇಜುಗಳ ವಿದ್ಯಾರ್ಥಿ ಸಂಖ್ಯೆ ಕುಸಿದದ್ದರಿಂದ ಆ ಮಾತಿಗೆ ಮಾರುಕಟ್ಟೆ ದೊಡ್ಡದಾಯಿತು. ಫುಟ್‌ಬಾಲ್ ಹೊಸದಾಗಿ ಆರಂಭಿಸಿದ ನಾಲ್ಕು ವರ್ಷದ ಕಾಲೇಜುಗಳನ್ನು ಜಾರ್ಜಿಯ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಮೊದಲು ದಾಖಲಾತಿ ಏರಿದರೂ ಅದು ಉಳಿಯಲಿಲ್ಲ ಎಂದು ಕಂಡುಬಂತು. ಹಾಗಾಗಿ ಸಣ್ಣ ಕಾಲೇಜಿಗೆ ಹೊಂದುವುದು ಸುತ್ತಲಿನ ಶಾಲೆಗಳ ಮಕ್ಕಳು ಆಡುವ, ಶುಲ್ಕ ಕಟ್ಟುವ, ಬಸ್ಸು ಸಂಜೆಗೆ ಮರಳಿ ಬರುವಷ್ಟು ದೂರದ ಆಟಗಳು. ಫುಟ್‌ಬಾಲ್ ನಿಲ್ಲಿಸಿದ ಮಾರಿಕೋಪ ಕ್ರೀಡಾ ವಿಭಾಗವನ್ನು ಮುಚ್ಚಲಿಲ್ಲ. ಬೇಸ್‌ಬಾಲ್, ಸಾಫ್ಟ್‌ಬಾಲ್, ಸಾಕರ್, ಬ್ಯಾಸ್ಕೆಟ್‌ಬಾಲ್ ತಂಡಗಳು ಅಲ್ಲಿ ಮುಂದೆಯೂ ಆಡುತ್ತ ಬಂದಿವೆ.