ಹಣೆಯ ಮೇಲಿನ ಬೂದಿ, ನಲವತ್ತು ದಿನಗಳ ಪಾಠ

ಈಸ್ಟರ್ ಹಬ್ಬಕ್ಕೆ ಮುನ್ನ ಬರುವ ಲೆಂಟ್ ಕಾಲ ಕ್ರೈಸ್ತರಿಗೆ ಉಪವಾಸದ, ಆತ್ಮಪರೀಕ್ಷೆಯ ದಿನಗಳು. ಅಮೆರಿಕದ ಎಪಿಸ್ಕೋಪಲ್ ಸಭೆಗಳು ಈ ದಿನಗಳನ್ನು ಹೇಗೆ ಕಳೆಯುತ್ತವೆ? 1965ರ ಲೆಂಟ್ ಕಾಲದಲ್ಲಿ ಕಾಲೇಜು ಬಿಟ್ಟು ಹೊರಟ ಒಬ್ಬ ವಿದ್ಯಾರ್ಥಿಯ ಕಥೆಯನ್ನು ಆ ಸಭೆಗಳು ಇಂದಿಗೂ ಮಕ್ಕಳಿಗೆ ಹೇಳುವುದೇಕೆ?

ಫೆಬ್ರವರಿ ಅಥವಾ ಮಾರ್ಚ್ ತಿಂಗಳ ಒಂದು ಬುಧವಾರ. ಅಮೆರಿಕದ ಊರುಗಳಲ್ಲಿ ಆ ದಿನ ಶಾಲೆಗೆ, ಕಚೇರಿಗೆ, ಅಂಗಡಿಗೆ ಬಂದ ಕೆಲವರ ಹಣೆಯ ಮೇಲೆ ಬೂದಿಯಲ್ಲಿ ಬರೆದ ಶಿಲುಬೆಯ ಗುರುತು ಕಾಣುತ್ತದೆ. ಹಣೆಗೆ ವಿಭೂತಿ ಧರಿಸುವವರನ್ನು ದಿನನಿತ್ಯ ಕಾಣುವ ಕನ್ನಡಿಗರಿಗೆ ಇದು ಹೊಸದೆನಿಸದು. ಆದರೆ ಅಲ್ಲಿ ಇದು ವರ್ಷಕ್ಕೆ ಒಂದೇ ದಿನ. ಅಂದು ಬೂದಿ ಬುಧವಾರ. ಲೆಂಟ್ ಕಾಲದ ಮೊದಲ ದಿನ.

ಆ ಬೂದಿಗೂ ಒಂದು ಹಿನ್ನೆಲೆಯುಂಟು. ಹಿಂದಿನ ವರ್ಷ ಗರಿಗಳ ಭಾನುವಾರದಂದು ಜಯಘೋಷ ಮಾಡುತ್ತ ಕೈಯಲ್ಲಿ ಹಿಡಿದು ಮೆರವಣಿಗೆ ಹೋದ ಗರಿಗಳನ್ನೇ ಒಣಗಿಸಿಟ್ಟು, ಸುಟ್ಟು ಬೂದಿ ಮಾಡುತ್ತಾರೆ. ಪಾದ್ರಿ ಅದರಲ್ಲಿ ಹೆಬ್ಬೆರಳು ಅದ್ದಿ, ಮುಂದೆ ಮಂಡಿಯೂರಿದವರ ಹಣೆಗೆ ಹಚ್ಚಿ, ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಮರಳುವವನು ಎಂದು ನೆನಪಿಸುತ್ತಾರೆ. ತಾಯಿಯ ಕಂಕುಳಲ್ಲಿರುವ ಕೂಸಿಗೂ ಅದೇ ಮಾತು, ಎಂಬತ್ತರ ಅಜ್ಜನಿಗೂ ಅದೇ ಮಾತು.

ಎಪಿಸ್ಕೋಪಲ್ ಎಂದರೆ ಯಾರು?

ಅಮೆರಿಕ ಸ್ವತಂತ್ರವಾಗುವ ಮುನ್ನ ಅಲ್ಲಿದ್ದ ಇಂಗ್ಲೆಂಡ್ ಚರ್ಚಿನ ಸಭೆಗಳೇ ಸ್ವಾತಂತ್ರ್ಯಾನಂತರ ಎಪಿಸ್ಕೋಪಲ್ ಚರ್ಚ್ ಆದವು. ಬಿಷಪ್ಪರ ಮೇಲ್ವಿಚಾರಣೆಯಲ್ಲಿ ನಡೆಯುವುದು ಎಂಬುದೇ ಆ ಹೆಸರಿನ ಅರ್ಥ. ಇಂಗ್ಲೆಂಡಿನಲ್ಲಿ ಬಿಷಪ್ ಆಗಬೇಕಾದರೆ ಅಲ್ಲಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಸ್ವತಂತ್ರ ದೇಶದ ಪ್ರಜೆ ಅದನ್ನು ಮಾಡುವುದು ಹೇಗೆ? ಹೀಗಾಗಿ ಅವರ ಮೊದಲ ಬಿಷಪ್ ಸ್ಯಾಮ್ಯುಯೆಲ್ ಸೀಬರಿ 1784ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಹೋಗಿ ಅಭಿಷೇಕ ಪಡೆದು ಬಂದರು. 1789ರಲ್ಲಿ ಚರ್ಚು ತನ್ನದೇ ಸಂವಿಧಾನವನ್ನೂ ಪ್ರಾರ್ಥನಾ ಪುಸ್ತಕವನ್ನೂ ಮಾಡಿಕೊಂಡಿತು.

ಕರ್ನಾಟಕಕ್ಕೂ ಈ ಪರಂಪರೆ ಅಪರಿಚಿತವಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ರೂಪುಗೊಂಡಿತು. ಸಿ.ಎಸ್.ಐ. ಹಾಗೂ ಎಪಿಸ್ಕೋಪಲ್ ಚರ್ಚ್ ಎರಡೂ ಇಂದು ಜಾಗತಿಕ ಆಂಗ್ಲಿಕನ್ ಒಕ್ಕೂಟದ ಸದಸ್ಯರು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್‌ನಲ್ಲಿ ಲೆಂಟ್ ಆಚರಿಸುವವರೂ ಬೋಸ್ಟನ್ನಿನ ಚರ್ಚಿನಲ್ಲಿ ಅದನ್ನು ಆಚರಿಸುವವರೂ ದೂರದ ನೆಂಟರು ಎನ್ನಬಹುದು.

ನಲವತ್ತರ ಲೆಕ್ಕ

ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ಅವುಗಳಲ್ಲಿ ಆರು ಭಾನುವಾರಗಳು. ಪ್ರತಿ ಭಾನುವಾರವೂ ಕ್ರಿಸ್ತನ ಪುನರುತ್ಥಾನದ ನೆನಪಿನ ದಿನವಾದ್ದರಿಂದ ಅದು ಉಪವಾಸದ ಲೆಕ್ಕಕ್ಕೆ ಸೇರುವುದಿಲ್ಲ. ಉಳಿದದ್ದು 40. ಯೇಸು ಅರಣ್ಯದಲ್ಲಿ ಉಪವಾಸವಿದ್ದ ದಿನಗಳೂ ಅಷ್ಟೇ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್. ಯುಗಾದಿಯಂತೆ ಇದಕ್ಕೂ ಚಂದ್ರನ ಲೆಕ್ಕವಿರುವುದರಿಂದಲೇ ದಿನಾಂಕ ವರ್ಷ ವರ್ಷವೂ ಬದಲಾಗುತ್ತದೆ.

ಲೆಂಟ್ ಆರಂಭವಾದದ್ದು ಬರೀ ದುಃಖ ಪಡುವುದಕ್ಕಲ್ಲ. ಆದಿ ಸಭೆಯಲ್ಲಿ ಅದು ಹೊಸದಾಗಿ ದೀಕ್ಷಾಸ್ನಾನ ಪಡೆಯುವವರ ತರಬೇತಿಯ ಕಾಲವಾಗಿತ್ತು. ಈಸ್ಟರ್ ಹಬ್ಬದಲ್ಲಿ ಅವರಿಗೆ ದೀಕ್ಷೆ. ತಪ್ಪು ಮಾಡಿ ಸಭೆಯಿಂದ ದೂರವಾದವರು ಪಶ್ಚಾತ್ತಾಪಪಟ್ಟು ಮರಳಿ ಬರುವುದಕ್ಕೂ ಅದೇ ಕಾಲ. ಹೊಸಬರ ಕಲಿಕೆ, ತಪ್ಪಿದವರ ಮರಳುವಿಕೆ ಎರಡನ್ನೂ ಕಂಡ ಹಳೆಯ ಸದಸ್ಯರೂ ತಮ್ಮ ಬದುಕನ್ನು ತಿದ್ದಿಕೊಳ್ಳಲೆಂದು ಜೊತೆಗೂಡಿದರು. ಶಿಷ್ಯತ್ವವೆಂದರೆ ಒಮ್ಮೆ ಪಾಸಾಗಿ ಮುಗಿಸುವ ತರಗತಿಯಲ್ಲ, ಪ್ರತಿವರ್ಷ ಮತ್ತೆ ಮೊದಲ ಬೆಂಚಿಗೆ ಬಂದು ಕೂರಬೇಕು ಎಂಬ ತಿಳಿವಳಿಕೆ ಇದರ ಹಿಂದಿದೆ.

ಸಭೆಯ ದಿನಚರಿ

ಬೂದಿ ಬುಧವಾರದ ಹಿಂದಿನ ಸಂಜೆ ಅನೇಕ ಚರ್ಚುಗಳ ಸಭಾಂಗಣದಲ್ಲಿ ಪ್ಯಾನ್‌ಕೇಕ್ ಊಟ. ಉಪವಾಸದ ದಿನಗಳಲ್ಲಿ ಮೊಟ್ಟೆ, ಬೆಣ್ಣೆ, ಕೊಬ್ಬು ಬಳಸುವಂತಿರಲಿಲ್ಲವಾದ್ದರಿಂದ ಮನೆಯಲ್ಲಿದ್ದುದನ್ನು ಮೊದಲೇ ಖಾಲಿ ಮಾಡುವ ಹಳೆಯ ಪದ್ಧತಿ ಅದು. ದೋಸೆಯಂತೆ ಹುಯ್ದು ತಿರುವಿ ಹಾಕುವ ಕೆಲಸ ಅಂದು ಹೆಚ್ಚಾಗಿ ಗಂಡಸರದು, ಹುಡುಗರದು.

ಮರುದಿನದಿಂದ ಚರ್ಚಿನ ನೋಟವೇ ಬೇರೆ. ಬಲಿಪೀಠದ ಹೊದಿಕೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹೂವುಗಳು ಕಾಣೆಯಾಗುತ್ತವೆ. ‘ಹಲ್ಲೆಲೂಯಾ’ ಎಂಬ ಸಂತೋಷದ ಘೋಷ ಈಸ್ಟರ್‌ವರೆಗೆ ಕೇಳುವುದಿಲ್ಲ. ಕೆಲವು ಸಭೆಗಳಲ್ಲಿ ಮಕ್ಕಳು ಆ ಪದವನ್ನು ಬಣ್ಣಬಣ್ಣದ ಬಟ್ಟೆಯ ಮೇಲೆ ಬರೆದು, ಪೆಟ್ಟಿಗೆಯಲ್ಲಿಟ್ಟು ‘ಹೂತು’ ಬರುತ್ತಾರೆ. ಅದನ್ನು ಹೊರತೆಗೆಯುವುದು ಹಬ್ಬದಂದೇ. ಆರು ವರ್ಷದ ಮಗುವಿಗೆ ಕಾಯುವುದೆಂದರೇನು ಎಂಬುದನ್ನು ಇಷ್ಟು ಸುಲಭವಾಗಿ ಬೇರಾವ ಉಪದೇಶವೂ ಕಲಿಸಲಾರದು.

ವಾರದ ನಡುವೆ ಒಂದು ಸಂಜೆ ಸೂಪು–ಬ್ರೆಡ್ಡಿನ ಸರಳ ಊಟ. ಒಂದೊಂದು ವಾರ ಒಂದೊಂದು ಮನೆಯವರು ಸೂಪು ಮಾಡಿ ತರುತ್ತಾರೆ. ಊಟದ ಬಳಿಕ ಅಧ್ಯಯನ, ಚರ್ಚೆ. ಮಕ್ಕಳಿಗೆ ಕಾಗದದ ಪುಟ್ಟ ಕಾಣಿಕೆ ಡಬ್ಬಿ ಕೊಡುವ ರೂಢಿಯಿದೆ. ತಿಂಡಿಗೆ ಖರ್ಚು ಮಾಡಬಹುದಾಗಿದ್ದ ಚಿಲ್ಲರೆ ಅದರೊಳಗೆ ಬೀಳಬೇಕು. ಶುಕ್ರವಾರಗಳಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ. ಕೊನೆಯ ವಾರವಂತೂ ದಿನಕ್ಕೊಂದು ಆಚರಣೆ: ಗುರುವಾರ ಒಬ್ಬರ ಪಾದವನ್ನು ಇನ್ನೊಬ್ಬರು ತೊಳೆಯುತ್ತಾರೆ, ಬಲಿಪೀಠವನ್ನು ಬರಿದು ಮಾಡುತ್ತಾರೆ. ಶುಕ್ರವಾರ ಶಿಲುಬೆಯ ಮುಂದೆ ಮೌನ. ಶನಿವಾರ ರಾತ್ರಿ ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದಬತ್ತಿ ಬೆಳಗಿಸಿ, ಒಬ್ಬರಿಂದೊಬ್ಬರಿಗೆ ಬೆಳಕು ಹಂಚುತ್ತಾರೆ. ಆ ರಾತ್ರಿಯೇ ದೀಕ್ಷಾಸ್ನಾನ.

ಇದೆಲ್ಲ ಚೆನ್ನ. ಆದರೆ ಸೂಪು ಕುಡಿದು, ಚಾಕೊಲೇಟ್ ಬಿಟ್ಟು, ಪಾದ ತೊಳೆದ ಮಾತ್ರಕ್ಕೆ ಶಿಷ್ಯನಾದಂತಾಯಿತೇ? ಎಪಿಸ್ಕೋಪಲ್ ಸಭೆಗಳು ಈ ಪ್ರಶ್ನೆಗೆ ಉತ್ತರ ಹೇಳುವಾಗ ನೆನೆಯುವ ಹೆಸರುಗಳಲ್ಲಿ ಒಂದು, ಜೊನಾಥನ್ ಮಿರಿಕ್ ಡೇನಿಯಲ್ಸ್.

1965ರ ಲೆಂಟ್

ಜೊನಾಥನ್ ಹುಟ್ಟಿದ್ದು 1939ರಲ್ಲಿ, ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕೀನ್ ಎಂಬ ಊರಿನಲ್ಲಿ. ತಂದೆ ವೈದ್ಯರು, ತಾಯಿ ಶಾಲಾ ಶಿಕ್ಷಕಿ. ಹೈಸ್ಕೂಲಿನಲ್ಲಿದ್ದಾಗಲೇ ಆತ ಎಪಿಸ್ಕೋಪಲ್ ಸಭೆ ಸೇರಿದ. ವರ್ಜೀನಿಯಾದ ಸೈನಿಕ ಕಾಲೇಜಿನಲ್ಲಿ ಓದುವಾಗ ತಂದೆ ತೀರಿಕೊಂಡರು. 1961ರಲ್ಲಿ ಪದವೀಧರನಾದಾಗ ಸಹಪಾಠಿಗಳ ಪರವಾಗಿ ವಿದಾಯ ಭಾಷಣ ಮಾಡಿದವನು ಅವನೇ. ಮುಂದೆ ಹಾರ್ವರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯದ ವ್ಯಾಸಂಗಕ್ಕೆ ಸೇರಿದನಾದರೂ ಮನಸ್ಸು ನೆಲೆ ನಿಲ್ಲಲಿಲ್ಲ. 1962ರ ಈಸ್ಟರ್ ದಿನ ಬೋಸ್ಟನ್ನಿನ ಚರ್ಚ್ ಆಫ್ ದಿ ಅಡ್ವೆಂಟ್‌ನ ಆರಾಧನೆಯಲ್ಲಿದ್ದಾಗ ಅವನ ಅನುಮಾನಗಳು ಕರಗಿದವು. ಪಾದ್ರಿಯಾಗಲು ನಿರ್ಧರಿಸಿ 1963ರಲ್ಲಿ ಕೇಂಬ್ರಿಜ್‌ನ ಎಪಿಸ್ಕೋಪಲ್ ದೇವಶಾಸ್ತ್ರ ಕಾಲೇಜು ಸೇರಿದ.

1965ರಲ್ಲಿ ಬೂದಿ ಬುಧವಾರ ಬಂದದ್ದು ಮಾರ್ಚ್ 3ರಂದು. ನಾಲ್ಕು ದಿನಗಳ ನಂತರ, ಲೆಂಟ್‌ನ ಮೊದಲ ಭಾನುವಾರ, ಅಲಬಾಮಾ ರಾಜ್ಯದ ಸೆಲ್ಮಾದಲ್ಲಿ ಮತದಾನದ ಹಕ್ಕು ಕೇಳಿ ಹೊರಟ ಸುಮಾರು 600 ಮಂದಿಯ ಮೇಲೆ ಎಡ್ಮಂಡ್ ಪೆಟ್ಟಸ್ ಸೇತುವೆಯ ಬಳಿ ಪೊಲೀಸರು ಲಾಠಿ, ಅಶ್ರುವಾಯು ಪ್ರಯೋಗಿಸಿದರು. ದೇಶದ ಪಾದ್ರಿಗಳೆಲ್ಲ ಸೆಲ್ಮಾಕ್ಕೆ ಬರಬೇಕೆಂದು ಮಾರ್ಟಿನ್ ಲೂಥರ್ ಕಿಂಗ್ ಕರೆ ಕೊಟ್ಟರು.

ಜೊನಾಥನ್ ಮೊದಲು ಹಿಂದೆಮುಂದೆ ನೋಡಿದ. ಒಂದು ಸಂಜೆ ಕಾಲೇಜಿನ ಪ್ರಾರ್ಥನೆಯಲ್ಲಿ ದಿನವೂ ಹಾಡುತ್ತಿದ್ದ ಮರಿಯಳ ಗೀತೆ ಕೇಳಿಬಂತು. ಬಲಿಷ್ಠರನ್ನು ಕೆಳಗಿಳಿಸಿ ದೀನರನ್ನು ಮೇಲೆತ್ತುವ ದೇವರ ಸ್ತುತಿ ಅದು. ಎಷ್ಟೋ ಸಲ ಬಾಯಿಪಾಠದಂತೆ ಹಾಡಿದ ಮಾತು ಅಂದು ತನಗೇ ಹೇಳಿದಂತೆ ಕೇಳಿಸಿತು. ಅವನು ಹೊರಟ.

ವಾರಾಂತ್ಯಕ್ಕೆ ಹೋಗಿ ಬರುವುದು ಎಂಬ ಯೋಚನೆ. ಹಿಂದಿರುಗುವ ಬಸ್ಸು ತಪ್ಪಿತು. ಆಗ ಅವನಿಗೂ ಸಹಪಾಠಿ ಜೂಡಿತ್ ಅಪ್‌ಹ್ಯಾಮ್‌ಗೂ ಒಂದು ಮಾತು ಹೊಳೆಯಿತು: ಎರಡು ದಿನ ಬಂದು ಮುಖ ತೋರಿಸಿ ಹೋಗುವವರನ್ನು ಸೆಲ್ಮಾದ ಜನ ಏನೆಂದುಕೊಂಡಾರು? ಕಾಲೇಜಿಗೆ ಮರಳಿ ಅನುಮತಿ ಕೇಳಿದರು. ಉಳಿದ ಅವಧಿಯನ್ನು ಸೆಲ್ಮಾದಲ್ಲಿ ಕಳೆಯುವುದು, ಪಾಠಗಳನ್ನು ಅಲ್ಲಿಯೇ ಓದಿಕೊಳ್ಳುವುದು, ಪರೀಕ್ಷೆಗೆ ಬರುವುದು ಎಂದು ತೀರ್ಮಾನವಾಯಿತು. ಆ ಲೆಂಟ್ ಕಾಲವನ್ನು ಜೊನಾಥನ್ ಒಂದು ಕಪ್ಪು ಕುಟುಂಬದ ಮನೆಯಲ್ಲಿ ಇದ್ದುಕೊಂಡು ಕಳೆದ.

ಚರ್ಚಿನ ಬಾಗಿಲಲ್ಲಿ

ಸೆಲ್ಮಾದಲ್ಲಿ ಸೇಂಟ್ ಪಾಲ್ಸ್ ಎಂಬ ಎಪಿಸ್ಕೋಪಲ್ ಚರ್ಚಿತ್ತು. ಬಿಳಿಯರ ಸಭೆ. ನೇರಳೆ ಹೊದಿಕೆ, ಪ್ರಾರ್ಥನಾ ಪುಸ್ತಕ, ಲೆಂಟ್‌ನ ಆರಾಧನೆ ಎಲ್ಲವೂ ಕೇಂಬ್ರಿಜ್‌ನಲ್ಲಿದ್ದಂತೆಯೇ. ಆದರೆ ಕಪ್ಪು ಹುಡುಗ ಹುಡುಗಿಯರನ್ನು ಜೊತೆಗೆ ಕರೆದುಕೊಂಡು ಬಂದವರನ್ನು ಮೊದಲು ಬಾಗಿಲಲ್ಲೇ ತಡೆದರು. ಮುಂದೆ ಒಳಗೆ ಬಿಟ್ಟರೂ ಸ್ವಾಗತ ತಣ್ಣಗಿತ್ತು.

ಚರ್ಚಿನ ಹಿರಿಯರೂ ಒಮ್ಮನಸ್ಸಿನವರಾಗಿರಲಿಲ್ಲ. 1963ರ ಶುಭ ಶುಕ್ರವಾರ ಬಂಧಿತರಾದ ಕಿಂಗ್, ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪ್ರಸಿದ್ಧ ಪತ್ರ ಎಂಟು ಮಂದಿ ಧರ್ಮಗುರುಗಳಿಗೆ ಕೊಟ್ಟ ಉತ್ತರವಾಗಿತ್ತು. ಚಳವಳಿಗೆ ಇದು ಸಮಯವಲ್ಲ ಎಂದಿದ್ದ ಆ ಎಂಟರಲ್ಲಿ ಇಬ್ಬರು ಅಲಬಾಮಾದ ಎಪಿಸ್ಕೋಪಲ್ ಬಿಷಪ್ಪರು. ಅದೇ ಬೂದಿ ಹಚ್ಚಿಕೊಂಡವರು, ಅದೇ ಉಪವಾಸ ಮಾಡಿದವರು ಕಪ್ಪು ಮಗುವಿಗೆ ಬಾಗಿಲು ಮುಚ್ಚಬಲ್ಲರು ಎಂಬುದು ಜೊನಾಥನ್‌ಗೆ ಕಣ್ಣೆದುರೇ ಕಂಡಿತು. ಆದರೂ ಅವನು ಚರ್ಚನ್ನು ಬಿಡಲಿಲ್ಲ. ಮತ್ತೆ ಮತ್ತೆ ಆ ಬಾಗಿಲಿಗೇ ಹೋದ. ಆ ವರ್ಷದ ಈಸ್ಟರ್ ಏಪ್ರಿಲ್ 18ರಂದು ಬಂತು.

ಆಗಸ್ಟ್ 20

ಮೇ ತಿಂಗಳಲ್ಲಿ ಪರೀಕ್ಷೆ ಬರೆದು, ಬೇಸಿಗೆ ರಜೆಯಲ್ಲಿ ಆತ ಮತ್ತೆ ಅಲಬಾಮಾಕ್ಕೆ ಬಂದ. ಪಕ್ಕದ ಲೌಂಡ್ಸ್ ಕೌಂಟಿಯ ಜನರಲ್ಲಿ ಹೆಚ್ಚಿನವರು ಕಪ್ಪು ಜನರಾಗಿದ್ದರೂ 1965ರ ಆರಂಭದಲ್ಲಿ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಆಗಸ್ಟ್ 6ರಂದು ಮತದಾನ ಹಕ್ಕು ಕಾಯಿದೆಗೆ ಅಧ್ಯಕ್ಷರ ಸಹಿ ಬಿತ್ತು. 14ರಂದು ಫೋರ್ಟ್ ಡಿಪಾಸಿಟ್‌ನಲ್ಲಿ ಬಿಳಿಯರ ಅಂಗಡಿಗಳ ಮುಂದೆ ಪ್ರತಿಭಟಿಸಿದವರನ್ನು ಬಂಧಿಸಿ ಹೇನ್‌ವಿಲ್ ಜೈಲಿಗೆ ಹಾಕಿದರು. ಅವರಲ್ಲಿ ಜೊನಾಥನ್ ಕೂಡ ಒಬ್ಬ. ಎಲ್ಲರಿಗೂ ಜಾಮೀನು ಸಿಗುವವರೆಗೆ ತಾನೊಬ್ಬನೇ ಹೊರಬರುವುದಿಲ್ಲ ಎಂದ.

20ರಂದು ಎಲ್ಲರನ್ನೂ ಹಠಾತ್ತನೆ ಬಿಟ್ಟರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಬಿಸಿಲು. ತಂಪು ಪಾನೀಯ ತರಲೆಂದು ನಾಲ್ವರು ಹತ್ತಿರದ ಅಂಗಡಿಗೆ ನಡೆದರು. ಜೊನಾಥನ್, ಕ್ಯಾಥೊಲಿಕ್ ಪಾದ್ರಿ ರಿಚರ್ಡ್ ಮಾರಿಸ್‌ರೋ ಮತ್ತು ಇಬ್ಬರು ಕಪ್ಪು ಹುಡುಗಿಯರು. ಬಾಗಿಲಲ್ಲಿ ಟಾಮ್ ಕೋಲ್ಮನ್ ಎಂಬಾತ ಬಂದೂಕು ಹಿಡಿದು ನಿಂತಿದ್ದ. ಅದರ ನಳಿಗೆ 17 ವರ್ಷದ ರೂಬಿ ಸೇಲ್ಸ್ ಕಡೆಗೆ ತಿರುಗಿತು. ಜೊನಾಥನ್ ಆಕೆಯನ್ನು ಪಕ್ಕಕ್ಕೆ ತಳ್ಳಿ ಎದುರಿಗೆ ನಿಂತ. ಗುಂಡು ಅವನಿಗೆ ಬಿತ್ತು. ಅಲ್ಲೇ ಪ್ರಾಣ ಹೋಯಿತು. ಅವನಿಗೆ 26 ವರ್ಷ. ಮಾರಿಸ್‌ರೋ ತೀವ್ರವಾಗಿ ಗಾಯಗೊಂಡರು.

ಬಿಳಿಯರೇ ತುಂಬಿದ್ದ ಜ್ಯೂರಿ ಆತ್ಮರಕ್ಷಣೆಯ ವಾದವನ್ನು ಒಪ್ಪಿ ಕೋಲ್ಮನ್‌ನನ್ನು ಬಿಡುಗಡೆ ಮಾಡಿತು. ಬೆದರಿಕೆಗಳಿದ್ದರೂ ರೂಬಿ ಸೇಲ್ಸ್ ನ್ಯಾಯಾಲಯಕ್ಕೆ ಬಂದು ಸಾಕ್ಷ್ಯ ನುಡಿದರು. ಮುಂದೆ ಅವರು ಜೊನಾಥನ್ ಓದಿದ್ದ ಕಾಲೇಜಿನಲ್ಲೇ ದೇವಶಾಸ್ತ್ರ ಓದಿದರು, ಮಾನವ ಹಕ್ಕುಗಳ ಕೆಲಸಕ್ಕೆ ಬದುಕನ್ನು ಮೀಸಲಿಟ್ಟರು.

ನ್ಯಾಯಪೀಠವೇ ಬಲಿಪೀಠ

1979ರಲ್ಲಿ ಎಪಿಸ್ಕೋಪಲ್ ಚರ್ಚ್ ಹೊಸ ಪ್ರಾರ್ಥನಾ ಪುಸ್ತಕವನ್ನು ಅಂಗೀಕರಿಸಿತು. ಅದರಲ್ಲಿ ದೀಕ್ಷಾಸ್ನಾನದ ಸಮಯದಲ್ಲಿ ಸಭೆಯವರೆಲ್ಲ ಮಾಡಬೇಕಾದ ಐದು ಪ್ರತಿಜ್ಞೆಗಳಿವೆ. ಕೂಡಿ ಪ್ರಾರ್ಥಿಸುವುದು, ತಪ್ಪಿದಾಗ ತಿದ್ದಿಕೊಂಡು ಮರಳುವುದು, ಮಾತು ಮತ್ತು ನಡತೆಗಳಿಂದ ಶುಭವಾರ್ತೆ ಸಾರುವುದು, ಎಲ್ಲರಲ್ಲೂ ಕ್ರಿಸ್ತನನ್ನು ಕಂಡು ಸೇವಿಸುವುದು, ಕೊನೆಯದಾಗಿ ನ್ಯಾಯಕ್ಕಾಗಿ ದುಡಿದು ಪ್ರತಿಯೊಬ್ಬ ಮನುಷ್ಯನ ಘನತೆಯನ್ನು ಗೌರವಿಸುವುದು. ಪ್ರತಿ ಪ್ರಶ್ನೆಗೂ, ದೇವರ ನೆರವಿನಿಂದ ಹಾಗೆಯೇ ಮಾಡುವೆನೆಂಬ ಉತ್ತರ. ಈ ಐದನ್ನು ನೆನೆದು, ಎಲ್ಲಿ ಎಡವಿದೆ ಎಂದು ಕೇಳಿಕೊಳ್ಳಲು ಲೆಂಟ್‌ನ 40 ದಿನಗಳು. ಐದನೆಯ ಪ್ರತಿಜ್ಞೆ ಅಚ್ಚಾಗುವ 14 ವರ್ಷ ಮೊದಲೇ ಜೊನಾಥನ್ ಅದರಂತೆ ನಡೆದು ತೋರಿಸಿದ್ದ. 1991ರಲ್ಲಿ ಚರ್ಚು ಅವನ ಹೆಸರನ್ನು ತನ್ನ ಹುತಾತ್ಮರ ಪಂಚಾಂಗಕ್ಕೆ ಸೇರಿಸಿತು.

ಆಗಸ್ಟ್ ತಿಂಗಳಲ್ಲಿ ಹೇನ್‌ವಿಲ್‌ಗೆ ಯಾತ್ರಿಕರು ಬರುತ್ತಾರೆ. ಅವರಲ್ಲಿ ಶಾಲಾ ಮಕ್ಕಳೂ ಇರುತ್ತಾರೆ, ಅವರನ್ನು ಕರೆತಂದ ತಂದೆತಾಯಿಯರೂ ಇರುತ್ತಾರೆ. ಜೈಲಿನ ಬಳಿಗೆ, ಅಂಗಡಿಯಿದ್ದ ಜಾಗಕ್ಕೆ ನಡೆದು, ಕೊನೆಗೆ ಕೋಲ್ಮನ್ ಬಿಡುಗಡೆಯಾದ ನ್ಯಾಯಾಲಯದ ಕೋಣೆಗೆ ಬರುತ್ತಾರೆ. ಅಂದು ನ್ಯಾಯಾಧೀಶರ ಪೀಠವೇ ಬಲಿಪೀಠ. ಅದರ ಮೇಲೆ ರೊಟ್ಟಿ, ದ್ರಾಕ್ಷಾರಸ ಇಟ್ಟು, ಕಪ್ಪುಬಿಳುಪೆನ್ನದೆ ಎಲ್ಲರಿಗೂ ಹಂಚುತ್ತಾರೆ.

ಮನೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟ ಪ್ರಾರ್ಥನೆ, ಬಿಡಿಸಿದ ಒಂದು ಸಿಹಿತಿಂಡಿ, ಡಬ್ಬಿಗೆ ಹಾಕಿಸಿದ ನಾಲ್ಕು ಕಾಸು ಮುಂದೆ ಎಲ್ಲಿ, ಯಾವಾಗ ಫಲ ಕೊಡುತ್ತದೆಂದು ಯಾವ ತಂದೆತಾಯಿಗೂ ತಿಳಿಯದು. ಜೊನಾಥನ್ ದಿನವೂ ಹಾಡುತ್ತಿದ್ದ ಗೀತೆ ಒಂದು ಸಂಜೆ ಮಾತ್ರ ಅವನ ಕಿವಿಗೆ ನಿಜವಾಗಿ ಬಿತ್ತು. ಅದಕ್ಕೂ ಹಿಂದಿನ ಸಂಜೆಗಳಲ್ಲಿ ಅವನು ಬಿಡದೆ ಹಾಡುತ್ತಿದ್ದನಲ್ಲ, ಅದನ್ನೂ ಮರೆಯುವಂತಿಲ್ಲ.